ಗೋಡೆ ತುಂಬ ಚಾಕು, ಅಡುಗೆಗೆ ಒಂದೂ ಇಲ್ಲ

ನನ್ನ ಮೊಮ್ಮಗಳು ನಮ್ಮ ಕುಲುಮೆಯಲ್ಲೇ ನಿಲ್ಲುತ್ತಾಳೆ! ಎಲ್ಲಿಗೂ ಹೋಗುವುದಿಲ್ಲ! ಶಹಾಬಾದಿನ ನಮ್ಮ ಚಾಕು ಅಂಗಡಿಗೆ ಇನ್ನು ಮೇಲೆ ಅವಳೇ ಯಜಮಾನಿ. ಅವಳ ಮುತ್ಯಾ, ಅಂದರೆ ನಮ್ಮ ಯಜಮಾನರು, ಒಪ್ಪಿದ್ದಾರೆ. ಮನೆಮಂದಿಯ ಎದುರು, ಕೈಯಲ್ಲಿ ಬೆಲ್ಲದ ಪೆಂಟೆ ಹಿಡಿದುಕೊಂಡು ಒಪ್ಪಿದ್ದಾರೆ.

ಈ ಸುದ್ದಿಯನ್ನು ನಾನು ಹಾಲಿನವನಿಗೆ ಹೇಳಿದೆ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತವರಿಗೆಲ್ಲ ಹೇಳಿದೆ. ಸೇಡಂನಿಂದ ಯಾರೋ ಒಬ್ಬನ ಫೋನು ತಪ್ಪಿ ನಮಗೆ ಹತ್ತಿತು, ಅವನಿಗೂ ಹೇಳಿದೆ. ಪಾಪ, ಪೂರ್ತಿ ಕೇಳಿ, "ಭಾಳ ಛಲೋ ಆತ್ ನೋಡ್ರಿ ಆಯಿ" ಎಂದೇ ಫೋನು ಇಟ್ಟ. ನಾನು ಎರಡನೆಯ ಇಯತ್ತೆಯ ತನಕ ಕಲಿತವಳು. ನನ್ನ ಅಕ್ಷರ ಸೊಟ್ಟಗಿರುತ್ತವೆ, ಸಂತೋಷ ನೆಟ್ಟಗಿದೆ. ಅದನ್ನು ಓದಿಕೊಳ್ಳಿ.

ನಮ್ಮ ಮನೆಯ ಮುಂಭಾಗ ಕುಲುಮೆ, ಹಿಂಭಾಗ ಸಂಸಾರ. ನಮ್ಮ ಯಜಮಾನರು ಬೆಂಕಿಗೆ ಇಟ್ಟ ಕಬ್ಬಿಣದ ಬಣ್ಣ ನೋಡಿಯೇ ಅದು ಯಾವಾಗ ಬಗ್ಗುತ್ತದೆ ಎಂದು ಹೇಳುತ್ತಾರೆ. ಅವರಿಗೆ ಎಲ್ಲವೂ ಬರುತ್ತದೆ. 'ಇಲ್ಲ' ಎನ್ನಲು ಮಾತ್ರ ಬರುವುದಿಲ್ಲ.

ವಾಡಿಯ ರೈಲ್ವೆ ಕ್ವಾರ್ಟರ್ಸಿನವನೊಬ್ಬ ಬಂದು, ಗಾಡಿಯಲ್ಲಿ ಕೂತು ಪೇರಲ ಹಣ್ಣು ಕೊಯ್ದುಕೊಳ್ಳಲು ಮಡಚುವ ಚಾಕು ಬೇಕೆಂದ. ಮಾಡಿಕೊಟ್ಟರು. ಅವನ ಜೊತೆಗಾರ ಬಂದು, ಗಾಡಿ ಅಲುಗಾಡುವಾಗ ತಾನಾಗಿ ಮಡಚಿಕೊಳ್ಳದಂಥ ಮಡಚುವ ಚಾಕು ಬೇಕೆಂದ. ಅದನ್ನೂ ಮಾಡಿಕೊಟ್ಟರು. ಅದನ್ನು ಒಮ್ಮೆ ಬಿಚ್ಚಿದರೆ ಮತ್ತೆ ಮಡಚಲಿಕ್ಕೆ ಇಬ್ಬರು ಬೇಕು. ರಾವೂರಿನ ಕಲ್ಲುಗಣಿಯವನಿಗೆ ಉಳ್ಳಾಗಡ್ಡಿ ಹೆಚ್ಚುವುದಕ್ಕೂ ಬುತ್ತಿಯ ಗಂಟು ಬಿಚ್ಚುವುದಕ್ಕೂ ಆಗುವ ಕೊಕ್ಕೆಯ ಚಾಕು. ಭಂಕೂರಿನ ಎಡಗೈ ಹೆಣ್ಣುಮಗಳಿಗೆ ಎಡಗೈ ಚಾಕು. ಆಮೇಲೆ ಅದೇ ಮನೆಯ ಬಲಗೈ ಸೊಸೆಗೂ ಹಿಡಿಯಲು ಬರುವಂಥ ಎಡಗೈ ಚಾಕು.

ಇವಕ್ಕೆಲ್ಲ ಮೇಲಿನದು ಅಂಜುಬುರುಕಿಯ ಚಾಕು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದು, "ಬೆರಳ ಕೊಯ್ಯಲಾರದ ಚಾಕು ಕೊಡ್ರಿ ಕಾಕಾ" ಎಂದಳು. ಇವರು ಎರಡು ದಿನ ಊಟದ ಮೇಲೂ ಲಕ್ಷ್ಯವಿಲ್ಲದೆ ಅದನ್ನು ಮಾಡಿದರು. ಅದು ಬೆರಳು ಕೊಯ್ಯುವುದಿಲ್ಲ ಎಂಬುದು ಖರೆ. ಬದನೆಕಾಯಿಯನ್ನೂ ಕೊಯ್ಯುವುದಿಲ್ಲ.

ಹೀಗೆ ಹೊಸ ನಮೂನೆ ಮಾಡಿದಾಗಲೆಲ್ಲ ಅಂಥದ್ದೇ ಇನ್ನೊಂದನ್ನು ಮಾಡಿ ಗೋಡೆಗೆ ತೂಗುಹಾಕುತ್ತಿದ್ದರು. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೂ ಬೇಕಾದೀತು ಎಂಬ ಆಸೆ. ಕೊನೆಗೆ ಗೋಡೆಯ ಸುಣ್ಣ ಯಾವ ಬಣ್ಣದ್ದೆಂದು ನಮಗೇ ಮರೆತುಹೋಯಿತು.

ಒಂದು ದಿನ ಚಿತ್ತಾಪುರದಿಂದ ಒಬ್ಬಾಕೆ ಬಂದಳು. ಮೊಮ್ಮಗಳು ಕುಲುಮೆಗೆ ಗಾಳಿ ಊದುವ ತಿದಿಯ ಹತ್ತಿರ ನಿಂತಿದ್ದಳು, ನಾನು ಬಾಗಿಲಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ.

"ಕಾಕಾ, ಒಂದು ಚಾಕು ಕೊಡ್ರಿ."

"ಎದಕ್ಕ ಬೇಕವ್ವಾ?"

"ಕಾಯಿಪಲ್ಯ ಹೆಚ್ಚಲಿಕ್ಕ."

"ಯಾವ ಕಾಯಿಪಲ್ಯ?"

"ಬದನಿಕಾಯಿ ಅಂತ ತಿಳೀರಿ."

"ಮುಳ್ಳು ಬದನಿಯೋ, ಉದ್ದ ಬದನಿಯೋ?"

"ಸಂತ್ಯಾಗ ಯಾವುದು ಸಿಗ್ತದೋ ಅದು."

"ಕುಂತು ಹೆಚ್ಚತೀಯೋ, ನಿಂತು ಹೆಚ್ಚತೀಯೋ?"

ಆಕೆ ನನ್ನ ಕಡೆ ತಿರುಗಿದಳು. "ಏನ್ ಆಯಿ, ಇವರು ಚಾಕು ಮಾರಾಕತ್ತಾರೋ, ಮಗನಿಗೆ ಹೆಣ್ಣು ನೋಡಾಕತ್ತಾರೋ?"

ಆಮೇಲೆ ಆಕೆ ಗೋಡೆಯ ಮುಂದೆ ನಿಂತಳು. ಒಂದನ್ನು ಇಳಿಸುವಳು, ಹಿಡಿದು ನೋಡುವಳು, ಪಕ್ಕದ್ದರ ಮೇಲೆ ಕಣ್ಣು ಹೋಗುವುದು, ಇದನ್ನು ಇಟ್ಟು ಅದನ್ನು ಇಳಿಸುವಳು. ಚಹಾ ಕುಡಿದಳು. ನಮ್ಮ ಮನೆಯಲ್ಲೇ ರೊಟ್ಟಿ ತಿಂದಳು. ಬಸ್ಸಿನ ಹೊತ್ತಾದಾಗ ತಲೆ ಹಿಡಿದುಕೊಂಡು, "ಮನ್ಯಾಗ ಕೇಳಿ ಬರ್ತೀನ್ರಿ" ಎಂದು ಹೋದವಳು ಬಸ್‌ಸ್ಟ್ಯಾಂಡಿನ ಪಾತ್ರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಿಡಿಯ ಚಾಕು ಕೊಂಡಳಂತೆ. ಅಲ್ಲಿ ಇದ್ದದ್ದೇ ಒಂದು ನಮೂನೆ.

ಮೊಮ್ಮಗಳು ಅದನ್ನೆಲ್ಲ ನೋಡಿದಳು. ತಿದಿ ಬಿಟ್ಟು ಬಂದು ಗೋಡೆಯ ಚಾಕುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಅವಳು ನಡೆಯಲು ಕಲಿತದ್ದೇ ತಿದಿ ಹಿಡಿದುಕೊಂಡು. ಕಲಬುರಗಿಯಲ್ಲಿ ಐಟಿಐ ಮುಗಿಸಿ ಬಂದ ಮೇಲೆ ದೂರದ ಊರಿನ ಕಾರ್ಖಾನೆಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು. ಬರುತ್ತೀಯೋ ಇಲ್ಲವೋ, ದಸರೆ ಮುಗಿಯುತ್ತಲೇ ಹೇಳು ಎಂದಿದ್ದರು. ಅವಳಿಗೆ ಕುಲುಮೆಯ ಮೇಲೇ ಜೀವ. ನನಗೆ ಅವಳ ಮೇಲೆ ಜೀವ. ಆದರೆ ಇವರ ಗೋಡೆಯಿದೆಯಲ್ಲ, ಅದು ನಡುವೆ ನಿಂತಿತ್ತು.

"ಮುತ್ಯಾ, ನಾ ಇಲ್ಲೇ ಇರ್ತೀನಿ. ಖರೆ, ಗ್ವಾಡಿ ಖಾಲಿ ಮಾಡು. ನಾಕ ನಮೂನಿ ಸಾಕು" ಎಂದಳು ಒಂದು ಸಂಜೆ.

"ನಾಕ? ನಮ್ಮ ಮನ್ಯಾಗಿನ ಮಂದಿಗೇ ನಾಕ ಸಾಲಂಗಿಲ್ಲ!"

"ಮಂದಿ ನೋಡಿ ನೋಡಿ ದಣದು ಹೊಂಟಾರ. ನೀನೂ ಅಷ್ಟ. ಒಂದು ಅರ್ಧ ಬಡದು ಇನ್ನೊಂದಕ್ಕ ಕೈ ಹಾಕ್ತಿ. ಯಾವುದರ ಮುಗೀತದೇನು?"

"ಯಾವುದು ತಗೀಲಿ, ನೀನೇ ಹೇಳು. ಎಡಗೈಯಾಕಿದು ತಗೀಲೇನು? ನಾಳಿ ಆಕಿ ಬಂದು ಗ್ವಾಡಿ ನೋಡಿ ಅತ್ತರ?"

"ಆಕಿ ಯಾಕ ಅಳ್ತಾಳ? ಆಕಿ ಚಾಕು ಆಕಿ ಮನ್ಯಾಗ ಅದ!"

ಅದಕ್ಕೂ ಮೊದಲು ಅವಳೇ ಒಂದು ಚಾಕು ಬಡಿದಿದ್ದಳು. ಲಾರಿಯ ಹಳೆಯ ಕಮಾನುಪಟ್ಟಿಯಿಂದ ಮಾಡಿದ್ದು, ಗಿಡ್ಡವೂ ಅಲ್ಲ, ಉದ್ದವೂ ಅಲ್ಲ. ಇವರು ಅದನ್ನು ತಿರುವಿ ನೋಡಿ, "ಇದು ಎದಕ್ಕ?" ಎಂದು ಕೇಳಿದ್ದರು. "ಎಲ್ಲಾದಕ್ಕೂ" ಎಂದಿದ್ದಳು. "ಹಂಗಂದ್ರ ಎಲ್ಲಿ ತೂಗುಹಾಕಲಿ ಇದನ್ನ?" ಎಂದು ಹಿಡಿ ಹಾಕದೆ ತಿದಿಯ ಕೆಳಗೆ ಸರಿಸಿಬಿಟ್ಟಿದ್ದರು. ನಮ್ಮ ಮನೆಯ ಪದ್ಧತಿ ಹೀಗೆ: ಹಿಡಿ ಹಾಕಿ, ಒಂದು ನಿಂಬೆಹಣ್ಣು ಕೊಯ್ದ ಮೇಲೆಯೇ ಅದು ಚಾಕು. ಅಲ್ಲಿಯತನಕ ಬರೀ ಕಬ್ಬಿಣ.

ಜಗಳ ಹರಿಯಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. "ಮುತ್ಯಾ, ಖಂಡೇ ಪೂಜಿಗೆ ಯಾವ್ಯಾವ ಚಾಕು ಇಡ್ತೀಯೋ ಅವಷ್ಟ ಮುಂದ ಅಂಗಡ್ಯಾಗ ಇರಲಿ. ಉಳಿದಾವು ತಗಿ. ಒಪ್ಪಿಗೇನು?"

"ಒಪ್ಪಿಗಿ" ಎಂದರು ಇವರು, ಜಲ್ದಿಯಾಗಿ. ಇಷ್ಟು ಜಲ್ದಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಖಂಡೇ ಪೂಜೆ ಎಂದರೆ ಮಹಾನವಮಿಯ ಆಯುಧಪೂಜೆ. ಆ ದಿನ ಬೆಳಕು ಹರಿಯುವ ಮೊದಲೇ ಎದ್ದು, ಮಿಂದು, ಇವರು ಗೋಡೆಯನ್ನೇ ಇಳಿಸಿ ಪೂಜೆಗೆ ಇಟ್ಟಿದ್ದರು! ಕುಲುಮೆಯ ತುಂಬ ಚಾಕು ಮಲಗಿದ್ದವು, ಒಂದೊಂದಕ್ಕೂ ಕುಂಕುಮ, ಒಂದೊಂದಕ್ಕೂ ಚೆಂಡುಹೂವು. ಅಷ್ಟೇ ಆಗಿದ್ದರೆ ಇರಲಿ ಎನ್ನಬಹುದಿತ್ತು. ಉತ್ಸಾಹದಲ್ಲಿ ಅಡುಗೆಮನೆಗೂ ನುಗ್ಗಿ ನನ್ನ ಚಾಕು, ಮೊಮ್ಮಗಳ ಅವ್ವ ಅಂದರೆ ನನ್ನ ಸೊಸೆಯ ಚಾಕು, ಈಳಿಗೆ, ಕೊಬ್ಬರಿ ತುರಿಯುವ ಹೆರೆಮಣೆ ಎಲ್ಲವನ್ನೂ ಹೊತ್ತೊಯ್ದಿದ್ದರು. ಅಂಜುಬುರುಕಿಯ ಚಾಕು ಒಂದನ್ನು ಮಾತ್ರ ಬಿಟ್ಟಿದ್ದರು. ಏನನ್ನೂ ಕೊಯ್ಯದ್ದನ್ನು ಆಯುಧ ಎಂದು ದೇವಿಯ ಮುಂದೆ ಇಡಲು ಅವರಿಗೇ ನಾಚಿಕೆ.

ಮೊಮ್ಮಗಳು ಬಂದು ನೋಡಿದಳು. "ಆತು ಮುತ್ಯಾ, ನೀ ಗೆದ್ದಿ" ಎಂದಳು. ಒಳಗೆ ಹೋಗಿ ಚೀಲ ತೆಗೆದು ಅರಿವೆ ಮಡಚಿ ಇಡತೊಡಗಿದಳು. ಇವರು ಗೆದ್ದವರ ಹಾಗೆ ಊದುಬತ್ತಿ ತಿರುಗಿಸಿದರು. ಆದರೆ ಊದುಬತ್ತಿ ಮುಗಿಯುವ ಮೊದಲೇ ಮೋರೆ ಸಣ್ಣದಾಗಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಕೂಗಿದಳು. "ಅತ್ತಿ! ಚಾಕು ಎಲ್ಲಿ ಅದಾವ?"

ಪೂಜೆಗೆ ಇಟ್ಟದ್ದನ್ನು ಮರುದಿನದ ತನಕ ಎತ್ತುವ ಹಾಗಿಲ್ಲ. ಬೇರೆ ವರ್ಷ ನಾವು ಹಿಂದಿನ ಸಂಜೆಯೇ ಕಾಯಿಪಲ್ಯ ಹೆಚ್ಚಿಟ್ಟು, ಆಮೇಲೆ ಚಾಕು ಕೊಡುತ್ತಿದ್ದೆವು. ಈ ಸಲ ಯಾರೂ ಕೊಡಲೇ ಇಲ್ಲ, ಕಳುವಾದ ಹಾಗೆ ಹೋಗಿದ್ದವು. ಓಣಿಯಲ್ಲಿ ಕೇಳೋಣವೆಂದರೆ ಎಲ್ಲರ ಮನೆಯ ಚಾಕುಗಳೂ ಕುಂಕುಮ ಹಚ್ಚಿಸಿಕೊಂಡು ಕೂತಿವೆ. ಚಿಂಚೋಳಿಯಿಂದ ಮಗಳು, ಅಳಿಯ, ಅವರ ಮಕ್ಕಳು ಊಟಕ್ಕೆ ಬರುವವರು. ಬುಟ್ಟಿ ತುಂಬ ಬದನೆಕಾಯಿ, ಉಳ್ಳಾಗಡ್ಡಿ, ಮೇಲೆ ಒಂದು ಕುಂಬಳಕಾಯಿ. ಚಾಕು ಮಾಡುವವರ ಮನೆಯಲ್ಲಿ ಹಸಿಮೆಣಸಿನಕಾಯಿ ಮುರಿಯಲೂ ಉಗುರೇ ಗತಿ!

ಸೊಸೆ ಅಂಜುಬುರುಕಿಯ ಚಾಕು ತಂದಳು. ಬದನೆಕಾಯಿಯ ಮೇಲಿಟ್ಟು ಒತ್ತಿದಳು. ಬದನೆಕಾಯಿ ಜಾರಿ ಒಲೆಯ ಹಿಂದೆ ಹೋಗಿ ಕೂತಿತು. ಉಳ್ಳಾಗಡ್ಡಿ ಚಪ್ಪಟೆಯಾಯಿತು, ಹೋಳಾಗಲಿಲ್ಲ. ಸಿಟ್ಟಿಗೆದ್ದು ಕುಂಬಳಕಾಯಿಯನ್ನು ಎತ್ತಿ ಕಲ್ಲುಹಾಸಿನ ಮೇಲೆ ಒಗೆದಳು. ಅದು ಒಡೆಯಲಿಲ್ಲ. ಉರುಳುತ್ತ ಉರುಳುತ್ತ ಹೊಸ್ತಿಲು ದಾಟಿ ಕುಲುಮೆಗೆ ಹೋಗಿ, ಕಣ್ಣು ಮುಚ್ಚಿ ಕೂತಿದ್ದ ಇವರ ಕಾಲಿಗೆ ಬಡಿಯಿತು. ಇವರು ದೇವಿಯೇ ಬಂದಳೆಂದು ಕೈ ಮುಗಿದರು.

ಆಗ ನನಗೆ ತಿದಿಯ ಕೆಳಗಿನದು ನೆನಪಾಯಿತು.

"ಏ ತಂಗೀ, ಚೀಲ ಬಿಡು, ಬಾ ಇಲ್ಲಿ. ನಿನ್ನ ಕಬ್ಬಿಣ ತಗೊಂಡ್ ಬಾ" ಎಂದೆ.

"ಆಯಿ, ಇವತ್ತು ಚಾಕು ಹಿಡೀಬಾರದು."

"ಅದಕ್ಕ ಹಿಡಿ ಇಲ್ಲ, ನಿಂಬಿಹಣ್ಣು ಕೊಯ್ದಿಲ್ಲ. ಅದು ಇನ್ನಾ ಹುಟ್ಟೇ ಇಲ್ಲ. ಹುಟ್ಟದ್ದಕ್ಕ ಎಲ್ಲಿ ಪೂಜಿ, ಎಲ್ಲಿ ಮಡಿ? ತಾ!"

ಹಿಡಿಯ ಜಾಗಕ್ಕೆ ನನ್ನ ಹಳೆಯ ಸೀರೆಯ ತುಂಡು ಸುತ್ತಿದೆವು. ಅವಳು ಕೂತಳು. ಬದನೆಕಾಯಿಗೆ ನಾಲ್ಕು ಸೀಳು, ತೊಟ್ಟು ಬಿಡದ ಹಾಗೆ. ಉಳ್ಳಾಗಡ್ಡಿ ಕಚಕಚ ಎಂದು ಸಣ್ಣಗೆ ಬಿತ್ತು. ಕುಂಬಳಕಾಯಿ ಎರಡೇ ಏಟಿಗೆ ಬಾಯಿಬಿಟ್ಟಿತು. ಸೊಸೆ ಹಿಂದೆ ನಿಂತು, "ಯಪ್ಪಾ! ಬೆಣ್ಣಿ ಕೊಯ್ದಂಗ!" ಎಂದು ಕುಣಿಯುವುದೊಂದೇ ಬಾಕಿ.

ಸಪ್ಪಳ ಕೇಳಿ ಇವರು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಅವರ ಕಣ್ಣು ಅಲಗಿನ ಮೇಲೆಯೇ. ಹೋಗಿ ಒಂದು ನಿಂಬೆಹಣ್ಣು ತಂದು ಅವಳ ಮುಂದಿಟ್ಟರು. ಕೊಯ್ದಳು. ಪೂರ್ತಿ ಕಳಿತು ಮೆತ್ತಗಾದ ಬಾಳೆಹಣ್ಣು ತಂದರು. ಮುದ್ದೆಯಾಗದೆ ಹೋಳಾಯಿತು. ಒಣಕೊಬ್ಬರಿ ತಂದರು. ಪೂಜೆಗೆ ಕಟ್ಟಿದ್ದ ಕಬ್ಬಿನ ತುದಿ ಮುರಿದು ತಂದರು. ಕೊಯ್ದಳು, ಕೊಯ್ದಳು. ಇವರ ಮೋರೆಯ ಮೇಲೆ ಒಂದು ಕಡೆ ಸೋಲು, ಒಂದು ಕಡೆ ಹಿಗ್ಗು. ಯಾವುದನ್ನು ಮುಂದೆ ಮಾಡಬೇಕೆಂದು ತಿಳಿಯದ ಹಾಗೆ.

"ಇನ್ನ ನಿಮ್ಮ ಧೋತರ ಒಂದು ಕೊಯ್ಯಬೇಕೇನ್ರಿ?" ಎಂದು ಕೇಳಿದೆ. "ಅದನ್ನೂ ತರ್ರಿ."

"ನನ್ನ ಧೋತರದ ಸುದ್ದಿಗೆ ಬರಬ್ಯಾಡ!" ಎಂದು ಗದರಿಸಿ ಇವರು ಮೂಲೆಯಲ್ಲಿದ್ದ ಬೆಲ್ಲದ ಪೆಂಟೆ ಎತ್ತಿಕೊಂಡರು. ಕಳೆದ ವರ್ಷದ ಬೆಲ್ಲ, ಕಲ್ಲಾಗಿತ್ತು. "ಇದನ್ನ ಕೊಯ್ಯಿ ನೋಡೂಣು."

ಅವಳು ಚಾಕು ಊರಿದಳು. ಅದು ಸ್ವಲ್ಪ ಇಳಿದು ಸಿಕ್ಕಿಕೊಂಡಿತು. ಎಳೆದರೂ ಬರಲೊಲ್ಲದು. ಎತ್ತಿದರೆ ಪೆಂಟೆಯೂ ಜೊತೆಗೇ ಎದ್ದಿತು.

"ಹಾಂ!" ಎಂದು ಇವರು ಎಗರಿದರು. "ಆಗಲಿಲ್ಲಲ್ಲ! ಬೆಲ್ಲಕ್ಕ ದಪ್ಪ ಬೆನ್ನಿಂದು ಬೇಕು. ಅದು ನಾನೇ ಬಡೀಬೇಕು!"

ಮೊಮ್ಮಗಳು ಪೆಂಟೆಯನ್ನು ಅವರ ಕೈಗೆ ಕೊಟ್ಟಳು. "ಹೌದು ಮುತ್ಯಾ, ಅದು ನೀನೇ ಬಡೀಬೇಕು. ನನಗ ಬರಂಗಿಲ್ಲ. ಎಲ್ಲಾದಕ್ಕೂ ನಂದು ಒಂದು, ಬೆಲ್ಲಕ್ಕ ನಿಂದು ಒಂದು, ಎರಡಾತು. ಮುಂದ ಹೇಳು."

ಇವರು ಬೆಲ್ಲ ಹಿಡಿದುಕೊಂಡು ಅವಳನ್ನೇ ನೋಡಿದರು. ಸಂತೆಯಲ್ಲಿ ಎಮ್ಮೆ ಚೌಕಾಸಿ ಮಾಡುವವರ ಹಾಗೆ ಇಬ್ಬರೂ ಕೂತರು.

"ಕುಡಗೋಲು ಬೇಕು. ಭಂಕೂರಿನವರು ತೊಗರಿ ಏನು ಹಲ್ಲಿಲೆ ಕೊಯ್ತಾರೇನು?"

"ಕುಡಗೋಲು ಇರಲಿ. ಮೂರು."

"ಮಡಚೂದು?"

"ಆ ಮಡಚೂದು ಮಡಚಂಗಿಲ್ಲ ಮುತ್ಯಾ."

"ಹಂಗಾದ್ರ ಅಂಜುಬುರುಕಿದು" ಎಂದರು ಇವರು, ಬಹಳ ಮೆತ್ತಗೆ. "ಅದನ್ನೂ ತಗೀಬೇಕೇನು?"

ಅವಳು ನನ್ನ ಮೋರೆ ನೋಡಿದಳು. ನಾನು ಸೊಸೆಯ ಮೋರೆ ನೋಡಿದೆ. ಸೊಸೆ ಚಪ್ಪಟೆ ಉಳ್ಳಾಗಡ್ಡಿಯ ಕಡೆ ನೋಡಿದಳು.

"ಇರಲಿ ಬಿಡು. ನಾಕು" ಎಂದಳು ಮೊಮ್ಮಗಳು.

"ಆತು. ನಾಕು. ಅಂಗಡಿ ನಿಂದು" ಎಂದರು ಇವರು. ಎಲ್ಲರ ಎದುರು, ಬೆಲ್ಲದ ಪೆಂಟೆ ಹಿಡಿದುಕೊಂಡು! ಆಮೇಲೆ ಮೋರೆ ಸಪ್ಪಗೆ ಮಾಡಿ, "ಖರೆ, ಯಾರರ ಬಂದು ಬ್ಯಾರೆ ನಮೂನಿ ಕೇಳಿದ್ರ ಇಲ್ಲ ಅಂತ ಹ್ಯಾಂಗ ಅನ್ನಲಿ?"

"ಇಲ್ಲ ಅನಬ್ಯಾಡ ಮುತ್ಯಾ. ಅಮಾಸಿಗೆ ಬರ್ರಿ ಅನ್ನು."

ಅಮಾವಾಸ್ಯೆಗೆ ನಾವು ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಇವರು ಅದನ್ನು ಬಾಯಲ್ಲಿ ಎರಡು ಮೂರು ಸಲ ಆಡಿಸಿ ನೋಡಿದರು. ರುಚಿ ಹತ್ತಿತು.

ಬೆಲ್ಲವನ್ನು ಕಡೆಗೆ ಒಳಕಲ್ಲಿನ ಗುಂಡಿನಿಂದ ಕುಟ್ಟಿ ಹೂರಣ ಮಾಡಿದೆವು. ಸಂಜೆಗೆ ಚಿಂಚೋಳಿಯವರು ಬಂದರು, ಹೊರಗಿನ ಕೆಲಸಕ್ಕೆ ಹೋಗಿದ್ದ ನನ್ನ ಮಗ, ಮೊಮ್ಮಗಳ ಅಪ್ಪ, ಅವನೂ ಬಂದ. ಪೂಜೆಯ ಚಾಕುಗಳ ಪಕ್ಕದಲ್ಲೇ ಚಾಪೆ ಹಾಸಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಕುಂಬಳದ ಪಲ್ಯ, ಹೋಳಿಗೆ. ಹೋಳಿಗೆಯ ಮೇಲೆ ತುಪ್ಪ ಸವರಲು ಅಂಜುಬುರುಕಿಯ ಚಾಕುವಿನಷ್ಟು ಪಸಂದಾದದ್ದು ಇನ್ನೊಂದಿಲ್ಲ ಎಂದು ಆವತ್ತು ಗೊತ್ತಾಯಿತು. ಅದು ಸಾಲಿನ ಈ ತುದಿಯಿಂದ ಆ ತುದಿಗೆ ಓಡಾಡಿತು. ಮಕ್ಕಳು ಅದನ್ನು ನೆಕ್ಕಿದರೂ ಯಾರಿಗೂ ಚಿಂತೆಯಿಲ್ಲ.

ಅಳಿಯಂದಿರು ಎರಡನೆಯ ಹೋಳಿಗೆ ಮುಗಿಸಿ ಕೇಳಿದರು: "ಮಾವಾರ, ನನಗ ಒಂದು ಹುಣಸಿಕಾಯಿ ಬೀಜ ತಗಿಯೂ ಚಾಕು ಮಾಡಿಕೊಡ್ತೀರೇನು? ಸ್ವಲ್ಪ ಹಿಂಗ ಬಾಗಿದ್ದು?"

ಎಲ್ಲರ ಕೈ ತಟ್ಟೆಯಲ್ಲೇ ನಿಂತವು. ಇವರ ಬೆರಳು ಆಗಲೇ ಗಾಳಿಯಲ್ಲಿ ಆ ಬಾಗು ಬರೆಯುತ್ತಿತ್ತು. ಮೊಮ್ಮಗಳು ಕೆಮ್ಮಿದಳು. ಇವರು ಬೆರಳು ಮಡಚಿದರು, ಬಾಯಲ್ಲಿದ್ದದ್ದನ್ನು ನುಂಗಿದರು.

"ಅಮಾಸಿಗೆ ಬರ್ರಿ ಅಳಿಯಂದ್ರ" ಎಂದರು.

ನಕ್ಕು ನಕ್ಕು ಸೊಸೆಯ ಕೈಯಿಂದ ತುಪ್ಪದ ಗಿಂಡಿಯೇ ಜಾರಿತು. ಅಳಿಯಂದಿರಿಗೆ ಏನೂ ತಿಳಿಯಲಿಲ್ಲ, ಆದರೂ ನಕ್ಕರು. ನಾನು ಮೊಮ್ಮಗಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. "ಸಾಕು ಆಯಿ" ಎಂದಳು. ಇನ್ನೂ ಒಂದು ಹಾಕಿದೆ.