ಗೋಪಮ್ಮನ ಮೂರು ಗೆರೆ

"ಅವ್ವಾ, ಆ ತಾತ ಒಡದ ಕೊಳವಿಗೆ ಕಣ್ಣು ಹಚ್ಚಿ ಏನು ನೋಡಾಕತ್ತಾನ?"

ಮಗಳು ಆದೆಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಾಗ ಯಮನಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿದ್ದುದನ್ನು ತಿರುವಿ ಹಾಕಿ, ಕೈ ಒರೆಸಿಕೊಂಡು ಬಂದು ನೋಡಿದಳು. ನೆಲ ಅಗೆಯಲು ಬಂದಿದ್ದ ಹುಲಿಗೆಪ್ಪ ಗುದ್ದಲಿ ಬಿಟ್ಟು, ಹಳೇ ಮಣ್ಣಿನ ಕೊಳವೆಯ ಚೂರೊಂದನ್ನು ಬಿಸಿಲಿಗೆ ಹಿಡಿದು ಅದರ ಒಳಮೈ ನೋಡುತ್ತಿದ್ದ. ಕಣ್ಣಿನಲ್ಲಿ ಪೊರೆ. ಮೂಗು ತಾಗುವಷ್ಟು ಹತ್ತಿರ ಹಿಡಿದಿದ್ದ. ನೋಡಿ ಬದಿಗಿಟ್ಟ, ಇನ್ನೊಂದನ್ನು ಎತ್ತಿಕೊಂಡ.

"ಏನಪ್ಪಾ ಹುಲಿಗೆಪ್ಪ, ನಿಜಾಮನ ಖಜಾನಿ ಸಿಕ್ಕರ ನನಗೂ ಅರ್ಧ ಇಡು" ಎಂದ ಮೇಸ್ತ್ರಿ ವಲಿ ಪಾಷಾ. ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ ಪೈಪುಗಳನ್ನು ಗರಗಸದಿಂದ ಕೊಯ್ಯುತ್ತಿದ್ದ. "ಜಲ್ದಿ ಮಾಡು. ಸಂಜಿಯೊಳಗ ತಗ್ಗು ಮುಚ್ಚಬೇಕು."

ಅವಸರ ಯಮನಮ್ಮನಿಗೂ ಇತ್ತು. ಗಂಡ ತಾಯಣ್ಣ ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ರಾಯಚೂರಿನಲ್ಲಿ ಕೊಂಡ ಹಳೇ ಮನೆ ಅದು. ಬಚ್ಚಲಿತ್ತು, ಪಾಯಖಾನೆ ಇರಲಿಲ್ಲ. ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಚೊಂಬು ಹಿಡಿದು ರೈಲು ಹಳಿಯ ಆಚೆ ಹೋಗಿ ಹೋಗಿ ಸಾಕಾಗಿ, ಈ ಬೇಸಿಗೆಯಲ್ಲಿ ಕಟ್ಟಿಸಲೇಬೇಕೆಂದು ಹಟ ಹಿಡಿದವಳು ಅವಳೇ. ಬಚ್ಚಲ ನೀರು ಹೋಗುವ ಹಳೇ ಕೊಳವೆಗೇ ಅದನ್ನೂ ಕೂಡಿಸೋಣವೆಂದರೆ, ಬೇವಿನ ಗಿಡದ ಬೇರು ಹೊಕ್ಕು ಅದು ಕಟ್ಟಿಕೊಂಡಿತ್ತು. ಕಿತ್ತು ಹೊಸದು ಹಾಕದೆ ಗತಿಯಿಲ್ಲ ಎಂದಿದ್ದ ವಲಿ ಪಾಷಾ.

ಚಹಾ ಕೊಡುವಾಗ ಯಮನಮ್ಮ ಕೇಳಿದಳು. "ಏನು ಹುಡುಕಾಕತ್ತೀರಿ ಯಪ್ಪಾ? ಹುಡುಗಿ ಬೆಳಗಿನಿಂದ ಕೇಳಾಕತ್ತಾಳ."

ಹುಲಿಗೆಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಏನಿಲ್ಲ ಯವ್ವಾ. ನಮ್ಮಾಕಿ ಕೈ."

ಗರಗಸದ ಸದ್ದು ನಿಂತಿತು.

ಹುಲಿಗೆಪ್ಪ ದೇವದುರ್ಗದ ಕಡೆಯ ಮಸರಕಲ್ಲಿನವನು. ಮದುವೆಯಾದ ಹೊಸದರಲ್ಲೇ ಹೆಂಡತಿ ಗೋಪಮ್ಮನನ್ನು ಕರೆದುಕೊಂಡು ರಾಯಚೂರಿಗೆ ಕೂಲಿಗೆ ಬಂದಿದ್ದ. ಮುಂದೆ ಊರಲ್ಲಿ ಮನೆಮನೆಗೆ ಮಣ್ಣಿನ ಕೊಳವೆ ಹೂಳುವ ಕೆಲಸ ಜೋರಾದಾಗ ಇಬ್ಬರೂ ಅದಕ್ಕೇ ನಿಂತರು. ಆ ಕೆಲಸಕ್ಕೆ ಗಂಡ ಹೆಂಡತಿಯನ್ನು ಜೋಡಿಯಾಗಿಯೇ ಕರೆಯುತ್ತಿದ್ದರು. ಕೊಳವೆಗೆ ಕೊಳವೆ ಕೂಡಿಸಿ ಸಂದಿಗೆ ಸಿಮೆಂಟು ತುಂಬುವುದು ಗಂಡಾಳಿನ ಪಾಲು. ಆದರೆ ಸಿಮೆಂಟು ಒಳಕ್ಕೂ ಇಳಿಯುತ್ತದೆ. ಅದು ಹಾಗೇ ಗಟ್ಟಿಯಾದರೆ ಕಸ ತಡೆದು ನೀರು ನಿಲ್ಲುತ್ತದೆ. ಹಸಿ ಇರುವಾಗಲೇ ಕೊಳವೆಯ ಬಾಯಿಂದ ತೋಳು ತೂರಿಸಿ ಸಂದಿಯನ್ನು ಒರೆಸಬೇಕು. ಅದಕ್ಕೆ ಸಣ್ಣ ಕೈಯೇ ಆಗಬೇಕು. ಅದು ಹೆಣ್ಣಾಳಿನ ಪಾಲು.

"ಹರಕು ಅರಿವಿ ಹಿಡಿದು ವರಸಲೇ, ಬೆರಳಿಲೆ ವರಸಿದ್ರ ಗೆರಿ ಬೀಳ್ತಾವ ಅಂತಿದ್ದೆ. ಕೇಳ್ತಿದ್ದಿಲ್ಲ. ಅರಿವಿಗೇನು ತಿಳೀತದ, ಬೆರಳಿಗಾದ್ರ ತಿಳೀತದ, ನೀ ನಿನ್ನ ಕೆಲಸ ನೋಡು ಅಂತಿದ್ಲು" ಎಂದು ಹುಲಿಗೆಪ್ಪ ಒಂದಿಷ್ಟು ನಕ್ಕ. "ನಿಮ್ಮ ಬೇವಿನ ಗಿಡ ಆಗ ನನ್ನ ಸೊಂಟದ ಮಟ್ಟ ಇತ್ತು. ಓಣಿಯಾಗ ಯಾವ ಮನಿ ಕೆಲಸ ಇದ್ರೂ ಕೈ ತೊಳದ ನೀರು ದಿನಾ ಅದಕ್ಕ ಚೆಲ್ಲತಿದ್ಲು."

ಅದೇ ಗಿಡದ ಬೇರು ಈಗ ಕೊಳವೆಯ ಸಂದಿಗಳನ್ನು ಸೀಳಿತ್ತು.

ಆಮೇಲೆ ಮಾನ್ವಿ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದಾಗ ಗೋಪಮ್ಮ ಕಾಮಾಲೆಯಾಗಿ ತೀರಿಕೊಂಡಳು. ಕಾಲುವೆ ದಂಡೆಯ ಕೆಳಗೇ ಮಣ್ಣು ಮಾಡಿದರು. ಮುಂದಿನ ಬೇಸಿಗೆಯಲ್ಲಿ ಹುಲಿಗೆಪ್ಪ ಎಡೆ ಹಿಡಿದು ಹೋದಾಗ ದಂಡೆ ಅಗಲ ಮಾಡಿ ಅಲ್ಲೆಲ್ಲ ಮಣ್ಣು ಎಳೆದಿದ್ದರು. ಎಡೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನೀರಿಗೆ ಬಿಟ್ಟು ಬಂದ. ಮಕ್ಕಳಿಲ್ಲ. ಫೋಟೋ ತೆಗೆಸಿರಲಿಲ್ಲ.

"ಈಗ ಮುಖಾನೂ ಮರ್ತು ಹೊಂಟದ ಯವ್ವಾ. ಕಣ್ಣು ಮುಚ್ಚಿದ್ರ ಸೆರಗು ಕಾಣ್ತದ, ಮುಖ ಬರವಲ್ದು."

"ಈ ಕೊಳವಿ ನೀವೇ ಹಾಕಿದ್ದು ಅಂತ ಖಾತ್ರಿ ಐತೇನು?" ಎಂದಳು ಯಮನಮ್ಮ.

"ಓಣಿ ಇದೇ. ಆದ್ರ ನಾಕು ಜೋಡಿ ಇದ್ದಿವಿ. ಯಾರ ಪಾಲಿಗೆ ಯಾವ ಮನಿ ಬಂತೋ! ಎಲ್ಲಾರ ಹೆಂಡರೂ ಬೆರಳಿಲೆ ವರಸಿದ್ರ ನಾಕು ಗೆರಿ ಬೀಳ್ತಾವ. ನಮ್ಮಾಕಿದು ಮೂರು. ಸಣ್ಣಾಕಿ ಇದ್ದಾಗ ಕಿರುಬೆರಳು ಖಾರ ಅರಿಯೋ ಒಳ್ಳಿನ ಗುಂಡಿನಡಿ ಸಿಕ್ಕು ಜಜ್ಜಿತ್ತು. ಅಂಗೈಯಾಗ ಮಡಚಿದ್ದು ಮಡಚಿದಂಗೇ ಇತ್ತು."

ವಲಿ ಪಾಷಾ ಬೀಡಿ ಆರಿಸಿದ.

ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕೊಳವೆಗಳೂ ಮೇಲೆ ಬಂದಿದ್ದವು. ಬೇರು ಹೊಕ್ಕ ಸಂದಿಗಳು ಗುದ್ದಲಿ ತಾಗುವ ಮೊದಲೇ ಪುಡಿಯಾಗುತ್ತಿದ್ದವು. ಕಂಪೌಂಡು ಗೋಡೆಯ ಬುಡದಲ್ಲಿ ಒಂದೇ ಒಂದು ಜೋಡಣೆ ಉಳಿದಿತ್ತು, ಬೇರು ಅಲ್ಲಿಗೆ ಮುಟ್ಟಿರಲಿಲ್ಲ.

"ಅದಕ್ಕ ಗುದ್ದಲಿ ಹಾಕಬ್ಯಾಡ ಪಾಷಾ, ನಿನ್ನ ಕಾಲಿಗೆ ಬೀಳ್ತೀನಿ."

"ಅರೆ, ಕಾಲ್ಯಾಕ ಬೀಳ್ತಿ? ನಿಧಾನಕ್ಕ ತಗಿ. ನಾನು ಅಷ್ಟರಾಗ ಇತ್ಲಾಗಿಂದ ಪೈಪ್ ಕೂಡಸ್ತೀನಿ."

ಹುಲಿಗೆಪ್ಪ ಮಂಡಿಯೂರಿ ಕೈಯಿಂದಲೇ ಮಣ್ಣು ಬಗೆದ. ಅತ್ತ ವಲಿ ಪಾಷಾ ಬಿಳಿ ಪೈಪಿನ ತುದಿಗೆ ಅಂಟು ಸವರಿ ಇನ್ನೊಂದರೊಳಗೆ ತುರುಕಿ, ತುಸು ತಿರುವಿ ಬಿಡುತ್ತಿದ್ದ. ಅಷ್ಟೇ ಕೆಲಸ, ಒಬ್ಬನೇ ಸಾಕು. ಯಮನಮ್ಮ ಹುಲಿಗೆಪ್ಪನನ್ನೇ ನೋಡುತ್ತ ನಿಂತಳು. ಹೊತ್ತಿಳಿಯುವಾಗ ಎರಡು ಕೊಳವೆಗಳು ಕೂಡಿಕೊಂಡಂತೆಯೇ ಮೇಲೆ ಬಂದವು. ಅವನು ಅದನ್ನು ಕೂಸಿನಂತೆ ಎತ್ತಿ ತಂದು ಬೇವಿನ ನೆರಳಿಗಿಟ್ಟ. ಕೊಡದ ನೀರು ಹೊಯ್ದ, ಸೋಪು ಕೇಳಿ ಇಸಿದುಕೊಂಡ, ಉಜ್ಜಿದ, ಮತ್ತೆ ಹೊಯ್ದ.

ಬಾಯಿಗೆ ಕಣ್ಣು ಹಚ್ಚಿದರೆ ಒಳಗೆ ಬರೀ ಕತ್ತಲು. ಕೈ ಹಾಕಿದ. ಹಾರೆ ಹಿಡಿದು ಹಿಡಿದು ಗಂಟುಗಟ್ಟಿದ ಬೆರಳುಗಳು ಕೂಡಿಕೊಳ್ಳಲಿಲ್ಲ, ಅಂಗೈ ಒಳಗೆ ಇಳಿಯಲಿಲ್ಲ. ಇನ್ನೊಂದು ಕೈ ಹಾಕಿದ. ಅದೂ ಇಳಿಯಲಿಲ್ಲ.

"ಒಡದು ನೋಡೋಣೇನು?" ವಲಿ ಪಾಷಾ ಮೆಲ್ಲಗೆ ಕೇಳಿದ.

"ಒಡದ್ರ ಸಿಮೆಂಟ್ ಉದುರ್ತದ. ಬೆಳಗಿನಿಂದ ಕಂಡೀನಲ್ಲ."

ಹುಲಿಗೆಪ್ಪ ತಲೆ ಎತ್ತಿ ಯಮನಮ್ಮನ ಕೈಗಳನ್ನು ನೋಡಿದ. ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಅವನು ನೋಟ ಕೆಳಗೆ ಹಾಕಿದ.

"ಬಚ್ಚಲ ಕೊಳವಿ, ಕೇಳಬಾರದು ಯವ್ವಾ. ಸೋಪ್ ಹಚ್ಚಿ ತೊಳದೀನಿ. ನಿನ್ನ ಕೈ ಸಣ್ಣದದ. ಒಂದು ಸಲ ಒಳಗ ಹಾಕಿ ಮ್ಯಾಗಳ ಕಡೆ ಮುಟ್ಟಿ ನೋಡು, ಅಲ್ಲಿ ನೀರು ಮುಟ್ಟಿರಂಗಿಲ್ಲ. ಗೆರಿ ಎಷ್ಟು ಅದಾವ ಹೇಳು. ಮೂರಿದ್ರ ಹೇಳು. ನಾಕಿದ್ರ..." ಅವನು ಕೊಳವೆಯ ಬಾಯಿಯ ಮಣ್ಣನ್ನು ಹೆಗಲ ಮೇಲಿನ ಟವೆಲಿನಿಂದ ಇನ್ನೊಮ್ಮೆ ಒರೆಸಿದ. "ನಾಕಿದ್ರೂ ಮೂರಂತ ಹೇಳು."