ಹಾಸನದ ಕಡೆಗೆ ಮೈನಸ್

ಹೊಳೆನರಸೀಪುರದ ರೈಲು ಹಳಿಯ ಮೇಲೆ ಇಪ್ಪತ್ತು ವರ್ಷ ಟ್ರಾಲಿ ತಳ್ಳಿದ ದೇವಯ್ಯನಿಗೆ ಓದು ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿದ್ದ ಮಗಳು ಮಾಯಮ್ಮ ಅಂದು ಅಳುತ್ತ ಬಂದಳು. ಗೋಡೆಗೆ ಬಡಿದ ಚೆಂಡು ಬಂದಷ್ಟೇ ವೇಗದಲ್ಲಿ ಹಿಂದಿರುಗಿದರೆ ಗೋಡೆ ಕೊಟ್ಟ ಆವೇಗ, ಅಂದರೆ ಒಟ್ಟು ತಳ್ಳು, ಸೊನ್ನೆ ಎಂದು ಬರೆದಿದ್ದಳು. ನಾಳೆ ಬೋರ್ಡಿನಲ್ಲಿ ತಿದ್ದದಿದ್ದರೆ ವಿಜ್ಞಾನ ಬಿಡು ಎಂದಿದ್ದರು ಮೇಷ್ಟ್ರು.

"ಬಂದಷ್ಟೇ ವಾಪಸ್ ತಿರುಗಿದ್ರೆ ಸೊನ್ನೆ ಅಲ್ವೇನಪ್ಪ?"

"ಸೊನ್ನೆ ಅಂತೆ! ಹಾಸನದಿಂದ ಉರುಳ್ಕಂಡ್ ಬರೋ ಟ್ರಾಲಿಗೆ ಎದೆ ಕೊಟ್ಟು ನೋಡವ್ವ. ನಿಲ್ಸಾಕೆ ಒಂದು ತಳ್ಳು, ವಾಪಸ್ ಕಳ್ಸಾಕೆ ಇನ್ನೊಂದು. ಎರಡೂ ಹಾಸನದ ಕಡೀಕೇ ಕಣವ್ವ."

ಮರುದಿನ ಮಾಯಮ್ಮ ಚೆಂಡು ಬರುವ ದಿಕ್ಕಿಗೆ ಪ್ಲಸ್ ಹಾಕಿದಳು. ಗೋಡೆ ಅದನ್ನು ತಳ್ಳಿದ್ದು ಎದುರು ದಿಕ್ಕಿಗೆ, ಆದ್ದರಿಂದ ಮೈನಸ್. ನಿಲ್ಲಿಸಲು ಬೇಕಾದದ್ದರ ಎರಡರಷ್ಟು ಎಂದಳು.

"ಯಾರಮ್ಮ ಹೇಳಿಕೊಟ್ಟೋರು?" ಎಂದರು ಮೇಷ್ಟ್ರು.

"ಟ್ರಾಲಿ ದೇವಯ್ಯ, ಸಾ."