ಕೆಂಪು ದಾರದ ಗಂಟು

ಬೀದಿಯವರೆಲ್ಲ ಅವಳನ್ನು ಗುಂಡುಪಿನ್ ಎಂದೇ ಕರೆಯುತ್ತಿದ್ದರು. ಕಡ್ಡಿಯಂಥ ಮೈ, ಅದರ ಮೇಲೊಂದು ದುಂಡು ತಲೆ, ಹೆಸರಿಟ್ಟವರನ್ನು ದೂರುವಂತಿರಲಿಲ್ಲ. ಹದಿನಾರು ತುಂಬುವ ಹೊತ್ತಿಗೆ, ಶಾಲೆಯ ಹಾಜರಿಯಲ್ಲಿ ಸ್ವಂತ ಹೆಸರು ಕೂಗಿದರೆ ಓಗೊಡಲು ಅವಳಿಗೇ ಒಂದು ಕ್ಷಣ ಹಿಡಿಯುತ್ತಿತ್ತು.

ಅಮ್ಮ ರಫೂ ಕೆಲಸದವಳು. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಯ ಪಕ್ಕ ಕುರ್ಚಿ, ಇಸ್ತ್ರಿ ಮೇಜು, ಸೂಜಿ ಚುಚ್ಚಿಡುವ ಪುಟ್ಟ ದಿಂಬು. ಬಟ್ಟೆಯ ಒಳಅಂಚಿನಿಂದಲೇ ಒಂದೊಂದು ಎಳೆ ಬಿಡಿಸಿ, ತೂತಿನ ಮೇಲೆ ಅಡ್ಡಡ್ಡ ಉದ್ದುದ್ದ ಹೆಣೆದಳೆಂದರೆ ಹರಿದದ್ದೆಲ್ಲಿ ಎಂದು ಬಟ್ಟೆಯ ಯಜಮಾನನೇ ತಡಕಾಡಬೇಕು. ಆದರೆ ಅವಳದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ಒಳಮಗ್ಗುಲಲ್ಲಿ, ರಫೂವಿನ ಬೆನ್ನಿಗೆ, ಕೆಂಪು ದಾರದ ಎಳ್ಳಿನಷ್ಟು ಗಂಟು ಹಾಕುತ್ತಿದ್ದಳು. "ನಾನು ಕೈಯಾಡಿಸಿದ್ದು ಎಲ್ಲಿ ಅಂತ ಹಾಕ್ಕೊಳ್ಳೋರಿಗೆ ಗೊತ್ತಿರ್ಬೇಕು. ಮುಚ್ಚಿಡೋಕೆ ನಾನೇನು ಕಳ್ಳಿಯಾ?" ಎನ್ನುತ್ತಿದ್ದಳು.

ಈಗಿನವರಿಗೆ ಹರಿದರೆ ಬಿಸಾಡಿ ಗೊತ್ತೇ ಹೊರತು ಹೊಲಿಸಿ ಗೊತ್ತಿಲ್ಲ. ಅಮ್ಮನ ಬಳಿಗೆ ವಾರಕ್ಕೊಂದು ಕೆಲಸ ಬಂದರೆ ಹೆಚ್ಚು. ಉಳಿದ ಹೊತ್ತು ಅವಳು ಕೈ ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತ ಕೂರುವುದನ್ನು ಕಂಡು ಮಗಳಿಗೆ ಸಹಿಸಲಾಗುತ್ತಿರಲಿಲ್ಲ. ಆ ಕೈಗೆ ಕೆಲಸ ಕೊಡಬೇಕೆಂದೇ ಮಗಳು ಫೋನಿನಲ್ಲಿ ಅಂಗಡಿ ತೆರೆದದ್ದು. ಇದನ್ನು ಮರೆತು ಅವಳನ್ನು ಬಯ್ಯುವುದು ಸುಲಭ.

ಹಳೇಬಟ್ಟೆ ವ್ಯಾಪಾರಿಯ ಮೂಟೆಯಲ್ಲಿ ತಲೆ ತೂರಿಸಿ, ಒಳ್ಳೆಯ ನೇಯ್ಗೆಯದನ್ನು ಆರಿಸಿ ತರುವಳು. ಒಗೆದು ಒಣಗಿಸಿ ಅಮ್ಮನ ಮುಂದಿಡುವಳು. ಅಮ್ಮ ರಫೂ ಮಾಡಿದ ಮೇಲೆ ಬಾಗಿಲಿಗೆ ತೂಗುಹಾಕಿ, ಬೆಳಕು ಬರುವ ತನಕ ಕಾದು ಫೋಟೋ ತೆಗೆಯುವಳು. ಮೊದಲನೆಯದು ನೀಲಿ ಜಾಕೆಟ್. ಕೆಳಗೆ 'ಮೊಣಕೈ ಬಳಿ ರಫೂ ಮಾಡಿದೆ' ಎಂದು ಬರೆದಳು. ಮೂರು ವಾರ ನೊಣವೂ ಮುತ್ತಲಿಲ್ಲ. ಒಬ್ಬ ಪುಣ್ಯಾತ್ಮ ಮಾತ್ರ, 'ಹರಿದಿದ್ದನ್ನ ನೀನೇ ಹಾಕ್ಕೋ' ಎಂದು ಬರೆದು ಉಪಕಾರ ಮಾಡಿದ.

ಅವಳು ಆ ಸಾಲನ್ನು ಅಳಿಸಿ 'ಹೊಸದರಂತಿದೆ' ಎಂದು ಬರೆದಳು. ಜಾಕೆಟ್ಟನ್ನು ಒಳಹೊರಗು ಮಾಡಿ ಕೆಂಪು ಗಂಟನ್ನು ಕತ್ತರಿಸಿದಳು. ಸಂಜೆಯೊಳಗೆ ಮಾರಿಹೋಯಿತು.

ಆಮೇಲೆ ಅದೇ ರೂಢಿಯಾಯಿತು. ಅಮ್ಮ ಗಂಟು ಹಾಕುವುದು, ಮಗಳು ಹಿತ್ತಿಲ ಕೋಣೆಗೆ ಹೋಗಿ ಕತ್ತರಿಸುವುದು. ಅಮ್ಮನ ಬೆನ್ನು ನೆಟ್ಟಗಾಯಿತು. ಸೂಜಿಗೆ ದಾರ ಪೋಣಿಸುತ್ತ ಏನೋ ಗುನುಗತೊಡಗಿದಳು. ಅದನ್ನು ಕೇಳಿದಾಗಲೆಲ್ಲ ಗುಂಡುಪಿನ್, ತಾನು ಮಾಡಿದ್ದೇ ಸರಿ ಎಂದು ತನ್ನನ್ನು ತಾನೇ ನಂಬಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಲೈಬ್ರರಿ ಮೇಡಂ ಬಂದರು. ಇಪ್ಪತ್ತು ವರ್ಷದಿಂದ ಅಮ್ಮನ ಕೈ ಬಿಟ್ಟು ಬೇರೆ ಕೈ ಕಾಣದವರು. ಚೀಲದಿಂದ ಬೂದು ಬಣ್ಣದ ಉಣ್ಣೆಯ ಕೋಟು ತೆಗೆದು ಮೇಜಿನ ಮೇಲೆ ಹರಡಿದರು. ಇಸ್ತ್ರಿ ಮಾಡುತ್ತಿದ್ದ ಗುಂಡುಪಿನ್‌ಗೆ ಕಂಡೊಡನೆ ಗುರುತು ಹತ್ತಿತು. ಹೋದ ತಿಂಗಳು ಅವಳೇ ಮಾರಿದ ಕೋಟು. ಎಡಭುಜದ ಕೆಳಗಿನ ರಫೂಗೆ ಅಮ್ಮ ನಾಲ್ಕು ದಿನ ಕೂತಿದ್ದಳು.

"ಫೋನಲ್ಲಿ ಯಾವ್ದೋ ಅಂಗಡಿಯಿಂದ ತರಿಸ್ದೆ ಕಣಮ್ಮ. ತೋಳು ಸ್ವಲ್ಪ ಗಿಡ್ಡ ಮಾಡ್ಕೊಡಿ," ಎಂದರು ಮೇಡಂ. "ಹಂಗೇ ಒಂದ್ಸಲ ಪೂರ್ತಿ ನೋಡಿಬಿಡಿ. ಹೊಸದರ ಹಾಗಿದೆ ಅಂತ ಬರ್ದಿದ್ರು. ಎಲ್ಲೂ ರಫೂ ಇಲ್ಲ ತಾನೆ? ನೀವು ಹೇಳಿದ್ರೆ ಮುಗೀತು."

ಅಮ್ಮ ಕೋಟನ್ನು ಒಳಹೊರಗು ಮಾಡಿದಳು. ಅವಳ ಹೆಬ್ಬೆರಳು ನೇರ ಆ ಜಾಗಕ್ಕೇ ಹೋಯಿತು. ಗಂಟು ಇರಬೇಕಾದಲ್ಲಿ ಒಂದು ಸಲ ಸವರಿ ನಿಂತಿತು. ತಲೆಯೆತ್ತಿ ಮಗಳನ್ನು ನೋಡಿದಳು.  ಹೇಳಿಬಿಡಲಿ, ಇವಳೇ ಮಾಡಿದ್ದು ಎಂದು ತೋರಿಸಿ ಮೇಡಂ ಎದುರೇ ಬಯ್ದುಬಿಡಲಿ ಎಂದು ಅವಳು ನಿಜಕ್ಕೂ ಬೇಡಿಕೊಂಡಳು.

"ಇಲ್ಲ ಮೇಡಂ," ಎಂದಳು ಅಮ್ಮ. "ಎಲ್ಲೂ ಇಲ್ಲ."

"ನಿಮ್ಮ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ಸರಿ ಬಿಡಿ," ಎಂದು ಮೇಡಂ ನಿರಾಳವಾಗಿ ಹೋದರು.

ಅಮ್ಮ ಬಯ್ಯಲಿಲ್ಲ. ತೋಳು ಗಿಡ್ಡ ಮಾಡಿದಳು, ಅಡುಗೆ ಮಾಡಿದಳು, ಮಗಳಿಗೆ ಬಡಿಸಿದಳು. ಬಯ್ದಿದ್ದರೆ ಅತ್ತು ಹಗುರಾಗಬಹುದಿತ್ತು; ಆ ಭಾಗ್ಯ ಗುಂಡುಪಿನ್‌ಗೆ ಸಿಗಲಿಲ್ಲ. 

ಎರಡು ದಿನ ಕಳೆದು ಅಮ್ಮ ಹಸಿರು ಸ್ವೆಟರ್ ಒಂದನ್ನು ಮುಗಿಸಿ ಕೊಟ್ಟಳು. ಈ ಸಲ ಗಂಟು ಕತ್ತರಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಅದನ್ನು ಅಮ್ಮನಿಗೂ ತೋರಿಸುತ್ತೇನೆ ಎಂದು ಮಗಳು ನಿರ್ಧರಿಸಿದ್ದಳು. ಕಿಟಕಿಯ ಬೆಳಕಿಗೆ ಹಿಡಿದು ಒಳಮಗ್ಗುಲು ತಿರುವಿದಳು. ಬೆರಳಾಡಿಸಿ ಹುಡುಕಿದಳು. ರಫೂ ಎಲ್ಲಿದೆಯೆಂದು ಅವಳಿಗೇ ಸಿಗಲಿಲ್ಲ.

"ಅಮ್ಮಾ, ಗಂಟು ಹಾಕ್ಲಿಲ್ವಾ?"

ಅಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿದಳು.

"ಹೇಗಿದ್ರೂ ಕತ್ತರಿಸ್ತೀಯಲ್ಲ. ಮೊದಲ್ನೇ ದಿನದಿಂದ್ಲೂ ಆ ಕೆಂಪು ಚೂರು ಗುಡಿಸ್ತಾ ಇರೋಳು ನಾನೇ," ಎಂದಳು. "ದಾರ ಯಾಕೆ ದಂಡ ಮಾಡ್ಲಿ?"